ಮಂಗಳವಾರ ಹುಟ್ಟದವರು

ಜನನ ನೋಂದಣಿ ಕಚೇರಿಯ ಎರಡನೇ ಮಹಡಿಯಲ್ಲಿ ಆ ಹೆಸರು ಹಿಡಿದು ಕೂಗಿದರೆ ನಾಲ್ಕು ಕುರ್ಚಿಗಳು ಒಟ್ಟಿಗೆ ಕಿರುಗುಟ್ಟುತ್ತಿದ್ದವು. ನಾಲ್ವರದೂ ಅದೇ ಹೆಸರು, ಆದ್ದರಿಂದ ಯಾರೂ ಕೂಗುತ್ತಿರಲಿಲ್ಲ. ಹಳೆಯ ಕಡತಗಳನ್ನು ನೋಡಿಕೊಳ್ಳುವವಳನ್ನು ಧೂಳು ಎಂದೂ, ಪ್ರಮಾಣಪತ್ರ ಟೈಪು ಮಾಡುವವಳನ್ನು ಟಪಟಪ ಎಂದೂ, ಹಟ ಹಿಡಿದು ಕಿಟಕಿ ಪಕ್ಕದ ಜಾಗ ಗಿಟ್ಟಿಸಿಕೊಂಡವಳನ್ನು ಗಾಳಿ ಎಂದೂ ಕರೆಯುವುದು ರೂಢಿಯಾಗಿತ್ತು. ನಾಲ್ಕನೆಯವಳು ಅಂಕಿಅಂಶ ವಿಭಾಗದ ಹಿರಿಯ ಸಹಾಯಕಿ. ಅವಳು ಮೂರಕ್ಕ.

ಈ ‘ಮೂರು’ ಶಾಲೆಯಿಂದ ಬಂದ ಬಳುವಳಿ. ಒಂದನೇ ತರಗತಿಯಲ್ಲಿ ಆ ಹೆಸರಿನ ಹುಡುಗಿಯರು ಆರು ಮಂದಿ ಇದ್ದರು. ಒಂದು ವಾರ ಹಾಜರಿ ಕರೆದು ಸುಸ್ತಾದ ಟೀಚರು ಆರನ್ನೂ ಎತ್ತರದ ಪ್ರಕಾರ ನಿಲ್ಲಿಸಿ ನಂಬರು ಹಾಕಿಬಿಟ್ಟರು. ಮುಂದೆ ಒಂದು ಮದುವೆಯಾಗಿ ದೂರ ಹೋದಳು, ಎರಡು ಹಲ್ಲಿನ ಡಾಕ್ಟರಾದಳು, ನಾಲ್ಕರ ಸುದ್ದಿಯೇ ಇಲ್ಲ, ಐದು ಆರು ಸೇರಿ ಬಟ್ಟೆ ಅಂಗಡಿ ಇಟ್ಟು ಜಗಳವಾಡಿ ಬೇರೆಯಾದರು. ಮೂರು ಮಾತ್ರ ನಲವತ್ತನಾಲ್ಕನೆಯ ವಯಸ್ಸಿನಲ್ಲೂ ಮೂರಾಗಿಯೇ ಉಳಿದಿದ್ದಳು.

ಅವಳ ಮೇಜಿನ ಕೆಳಗಿನ ಖಾನೆಯಲ್ಲಿ, ಸ್ಟೇಪ್ಲರ್ ಪಿನ್ನಿನ ಡಬ್ಬಿಗಳ ಅಡಿಯಲ್ಲಿ, ಹೆಸರು ಬದಲಾವಣೆಯ ಅರ್ಜಿಯೊಂದು ಎರಡು ವರ್ಷದಿಂದ ಕೂತಿತ್ತು. ಎಲ್ಲ ತುಂಬಿ ಆಗಿತ್ತು. ಹೊಸ ಹೆಸರನ್ನು ಕಚೇರಿಯ ಪಟ್ಟಿಯ ಕೊನೆಯ ಪುಟದಿಂದಲೇ ಆರಿಸಿದ್ದಳು. ಐವತ್ತು ವರ್ಷಗಳಲ್ಲಿ ಒಂದೇ ಒಂದು ಮಗುವಿಗೆ ಇಟ್ಟಿದ್ದು, ಆ ಮಗುವೂ ದೊಡ್ಡವಳಾದ ಮೇಲೆ ಬದಲಾಯಿಸಿಕೊಂಡಿದ್ದು. ‘ಕಾರಣ’ ಎಂಬ ಸಾಲಿನಲ್ಲಿ ಮೊದಲು ‘ಕರೆದರೆ ನಾನೊಬ್ಬಳೇ ತಿರುಗಬೇಕು’ ಎಂದು ಬರೆದು, ಹೊಡೆದು ಹಾಕಿ, ‘ವೈಯಕ್ತಿಕ’ ಎಂದು ತಿದ್ದಿದ್ದಳು.

ಅರ್ಜಿ ಮೇಲಕ್ಕೆ ಹೋಗದಂತೆ ತಡೆದಿದ್ದವಳು ಅವಳ ಅಮ್ಮ. ಅಮ್ಮನಿಗೆ ಅರ್ಜಿಯ ವಿಷಯವೇ ಗೊತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಅಮ್ಮನ ಬಳಿ ಒಂದು ಕಥೆಯಿತ್ತು. “ಒಂಬತ್ತು ತಿಂಗಳು ತಲೆ ಕೆಡಿಸಿಕೊಂಡು ನಿನಗೆ ಅಂತಲೇ ಹುಡುಕಿದ ಹೆಸರು ಕಣೇ ಅದು. ಮುಸ್ಸಂಜೆಯ ಮೊದಲ ನಕ್ಷತ್ರ ಅಂತ ಅರ್ಥ. ಊರವರೆಲ್ಲ ನಮ್ಮನ್ನ ನೋಡಿ ಕದ್ದರು, ನಾನೇನು ಮಾಡಲಿ?” ತನಗೆಂದೇ ಹುಡುಕಿದ ಹೆಸರನ್ನು ಹಳೆಯ ಚಪ್ಪಲಿಯಂತೆ ಬಿಟ್ಟು ಬರುವುದು ಹೇಗೆ? ಅದಕ್ಕಾಗಿ ಮೂರಕ್ಕ ತನ್ನೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಅಮ್ಮನ ಕಥೆ ನಿಜವಾದರೆ ಅರ್ಜಿ ಹರಿದು ಹಾಕುವುದು. ಸುಳ್ಳಾದರೆ ಅದೇ ದಿನ ಮುಖ್ಯಸ್ಥರ ಸಹಿಗೆ ಇಡುವುದು. ನಿಜವೋ ಸುಳ್ಳೋ ತಿಳಿಯಲು ದಾರಿಯಿಲ್ಲದ್ದರಿಂದ ಒಪ್ಪಂದ ಬಲು ಆರಾಮವಾಗಿ ನಡೆದುಕೊಂಡು ಬಂದಿತ್ತು.

ಆ ಆರಾಮಕ್ಕೆ ಕಲ್ಲು ಹಾಕಿದವರು ಮುಖ್ಯಸ್ಥರು. ಕಚೇರಿ ಪ್ರತಿವರ್ಷ ಒಂದು ತೆಳ್ಳಗಿನ ಪುಸ್ತಕ ಹೊರಡಿಸುತ್ತಿತ್ತು: ಆ ವರ್ಷ ಮಕ್ಕಳಿಗೆ ಇಟ್ಟ ಹೆಸರುಗಳು, ಎಷ್ಟೆಷ್ಟು ಮಂದಿಗೆ, ಕೊನೆಯಲ್ಲಿ ಯಾವುದಾದರೂ ಒಂದು ಹೆಸರಿನ ಬಗ್ಗೆ ಒಂದು ಪುಟದ ಟಿಪ್ಪಣಿ.

“ನೋಡಿದಿರಾ ಮೂರಕ್ಕ?” ಮುಖ್ಯಸ್ಥರು ಪಟ್ಟಿ ಹಿಡಿದುಕೊಂಡು ಬಂದರು. “ನಿಮ್ಮ ಹೆಸರು ಈ ವರ್ಷ ಸೊನ್ನೆ! ಒಬ್ಬರೂ ಇಟ್ಟಿಲ್ಲ. ಒಂದು ಕಾಲಕ್ಕೆ ಕಲ್ಲು ಎಸೆದರೆ ಆ ಹೆಸರಿನವಳ ತಲೆಗೇ ಬೀಳ್ತಿತ್ತು. ಮೂಲ, ಅರ್ಥ, ಏರಿಳಿತ, ಒಂದು ಪುಟ. ಶುಕ್ರವಾರದೊಳಗೆ.”

“ನನ್ನ ಹೆಸರಿನ ಬಗ್ಗೆ ನಾನೇ ಬರೆಯೋದಾ ಸಾರ್?”

“ನೀವಲ್ಲದಿದ್ದರೆ ಗಾಳಿ ಬರೀಬೇಕು. ಗಾಳಿಗೆ ಕಾಗುಣಿತ ಬರಲ್ಲ.” ಕಿಟಕಿಯ ಕಡೆಯಿಂದ ಕುರ್ಚಿಯೊಂದು ಕಿರುಗುಟ್ಟಿತು. ಮುಖ್ಯಸ್ಥರು ದನಿ ತಗ್ಗಿಸಿದರು. “ಏರಿಕೆಗೆ ಕಾರಣ ನನಗೆ ಗೊತ್ತು. ಅದೇ ಹೆಸರಿನ ಪೌಡರ್ ಡಬ್ಬಿ ಬರ್ತಿತ್ತಲ್ಲ, ಘಮ ಘಮ? ಅದೇ. ಸುಮ್ಮನೆ ಬರೆದು ಕೊಡಿ.”

ಸುಮ್ಮನೆ ಬರೆದು ಕೊಡುವುದು ಮೂರಕ್ಕನ ಜಾತಕದಲ್ಲೇ ಇರಲಿಲ್ಲ. ಅವಳು ಮೊದಲು ಪೌಡರಿನ ಇತಿಹಾಸ ಹುಡುಕಿದಳು. ಪೌಡರು ಮಾರುಕಟ್ಟೆಗೆ ಬಂದದ್ದು ಹೆಸರು ಏರತೊಡಗಿದ ನಾಲ್ಕು ವರ್ಷದ ಮೇಲೆ. ಕಾರ್ಖಾನೆಯ ಮಾಲೀಕ ಅದಕ್ಕೆ ಇಟ್ಟದ್ದು ತನ್ನ ಮೊಮ್ಮಗಳ ಹೆಸರನ್ನು. ಡಬ್ಬಿಯಿಂದ ಮಗು ಬಂದಿರಲಿಲ್ಲ, ಮಗುವಿನಿಂದ ಡಬ್ಬಿ ಬಂದಿತ್ತು. ಮುಖ್ಯಸ್ಥರ ಸಿದ್ಧಾಂತ ಘಮಘಮಿಸುತ್ತಲೇ ಕಸದ ಬುಟ್ಟಿ ಸೇರಿತು.

ಆಮೇಲೆ ನಕ್ಷೆ ಬರೆದಳು. ಹೆಸರುಗಳ ನಕ್ಷೆ ಸಾಮಾನ್ಯವಾಗಿ ಗುಡ್ಡದಂತಿರುತ್ತದೆ: ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುತ್ತದೆ. ಇದು ಗೋಡೆಯಂತಿತ್ತು. ಒಂದು ವರ್ಷ ಏನೂ ಇಲ್ಲ, ಮರುವರ್ಷ ನೂರೆಪ್ಪತ್ತು ಚಿಲ್ಲರೆ. ಹನ್ನೊಂದು ವರ್ಷ ಹಾಗೆಯೇ ನಿಂತು, ಒಂದು ದಿನ ಯಾರೋ ನಲ್ಲಿ ತಿರುಗಿಸಿದಂತೆ ಬಂದ್. ಅನಂತರ ಅಲ್ಲೊಂದು ಇಲ್ಲೊಂದು ತೊಟ್ಟಿಕ್ಕಿ ಈ ವರ್ಷ ಸೊನ್ನೆ. ಆ ಹನ್ನೊಂದು ವರ್ಷಗಳಲ್ಲಿ ಒಟ್ಟು ಸಾವಿರದ ಒಂಬೈನೂರ ನಾಲ್ಕು ಹೆಣ್ಣುಮಕ್ಕಳು. ಅವರಲ್ಲಿ ಸಾವಿರದ ಎಂಟುನೂರ ನಲವತ್ತಾರು ಮಂದಿ ಒಂದೇ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದವರು.

ಬುಧವಾರ ಸಂಜೆ, ಬೇರೆ ಏನೂ ತೋಚದೆ, ಅವರನ್ನು ಹುಟ್ಟಿದ ವಾರದ ಪ್ರಕಾರ ವಿಂಗಡಿಸಿದಳು. ಸೋಮವಾರ ಮುನ್ನೂರ ಹನ್ನೆರಡು. ಬುಧವಾರ ಮುನ್ನೂರ ಒಂದು. ಮಂಗಳವಾರ ಸೊನ್ನೆ.

ಮೂರಕ್ಕ ಕನ್ನಡಕ ಒರೆಸಿಕೊಂಡಳು. ಏಳರಲ್ಲಿ ಒಂದು ಪಾಲು ಎಂದರೂ ಇನ್ನೂರ ಅರವತ್ತಮೂರು ಚಿಲ್ಲರೆ ಇರಬೇಕಿತ್ತು. ಆ ಆಸ್ಪತ್ರೆಯಲ್ಲಿ ಮಂಗಳವಾರ ಹೆರಿಗೆಯೇ ಆಗುತ್ತಿರಲಿಲ್ಲವೋ ಎಂದು ಬೇರೆ ಹೆಸರಿನ ಮಕ್ಕಳನ್ನು ನೋಡಿದಳು. ಧಾರಾಳವಾಗಿ ಆಗುತ್ತಿತ್ತು.

“ಧೂಳಮ್ಮಾ,” ಎಂದಳು, “ನೀನು ಹುಟ್ಟಿದ್ದು ಯಾವ ವಾರ?”

“ಶನಿವಾರ. ಯಾಕೆ, ವರ ಇದೆಯಾ?”

“ಟಪಟಪ?”

“ಗುರುವಾರ. ನಾನೂ ಖಾಲಿ ಇದ್ದೀನಿ.”

ಮಂಗಳವಾರ ಕೆಲಸಕ್ಕೆ ಬಾರದಿರುವುದು ಹೆಸರಲ್ಲ, ಮನುಷ್ಯರು. ಮಾರನೆಯ ದಿನ ಬೆಳಿಗ್ಗೆ ಮೂರಕ್ಕ ಆಸ್ಪತ್ರೆಯ ಹಳೆಯ ಕೆಲಸದ ಪಾಳಿಪಟ್ಟಿ ತೆರೆಸಿದಳು. ಆ ಹನ್ನೊಂದು ವರ್ಷವೂ ಮಂಗಳವಾರ ವಾರದ ರಜೆ ಪಡೆಯುತ್ತಿದ್ದವರು ಒಬ್ಬರೇ: ಹುಟ್ಟಿದ ಮಕ್ಕಳನ್ನು ತೂಗಿ, ತೊಟ್ಟಿಲಿಗೆ ಚೀಟಿ ಕಟ್ಟುತ್ತಿದ್ದ ನರ್ಸು. ವಾರ್ಡಿನಲ್ಲೆಲ್ಲ ತೂಕದ ಸಿಸ್ಟರ್ ಎಂದೇ ಹೆಸರು. ನಿವೃತ್ತರಾಗಿ ಹನ್ನೆರಡು ವರ್ಷ. ವಿಳಾಸ ಇತ್ತು.

ಬಾಗಿಲು ತೆರೆದ ಹೆಂಗಸಿಗೆ ಎಪ್ಪತ್ತರ ಆಸುಪಾಸು. ಬಂದವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, “ಅರವತ್ತೆರಡು ಕಿಲೋ. ಚಪ್ಪಲಿ ಬಿಟ್ಟರೆ ಅರವತ್ತೊಂದೂವರೆ,” ಎಂದರು. “ಚಪ್ಪಲಿ ಬಿಟ್ಟು ಬಾಮ್ಮ.”

ಸರಿಯಾಗಿಯೇ ಹೇಳಿದ್ದರು. ಮೂರಕ್ಕ ತಾನು ಯಾವ ಕಚೇರಿಯವಳು ಎಂದು ಹೇಳಿ, ಪೂರ್ತಿ ಹೆಸರು ಹೇಳಿದಳು.

“ಯಾರದು, ನನ್ನನ್ನ ಹೆಸರು ಹಿಡಿದು ಕರೆದಿದ್ದು?” ಒಳಕೋಣೆಯಿಂದ ಒಂದು ಮುದಿದನಿ ಗುಡುಗಿತು.

ಸಿಸ್ಟರ್ ಬೆಚ್ಚಿ ಮೂರಕ್ಕನ ಮೊಣಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. “ಮೆಲ್ಲಗೆ ಮಾತಾಡು ತಾಯಿ. ನಮ್ಮತ್ತೆ. ತೊಂಬತ್ತೆರಡು ವರ್ಷ. ಕಣ್ಣು ಮಂಜು, ಮಂಡಿ ಸತ್ತಿದೆ, ಕಿವಿ ಮಾತ್ರ ಹೊಸದು.”

“ನಿಮ್ಮ ಅತ್ತೆಯ ಹೆಸರೂ…”

“ಅದೇ.”

ಮೂರಕ್ಕನ ತಲೆಯಲ್ಲಿ ಗೋಡೆಯಂತಿದ್ದ ನಕ್ಷೆ ಒಮ್ಮೆ ಅಲುಗಾಡಿತು. ಅವಳು ಚೀಲದಿಂದ ನಕ್ಷೆ ತೆಗೆದು ಕಟ್ಟೆಯ ಮೇಲೆ ಹರಡಿ, ಮಂಗಳವಾರದ ಸೊನ್ನೆಯ ಮೇಲೆ ಬೆರಳಿಟ್ಟಳು. ಸಿಸ್ಟರ್ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಮಂಗಳವಾರ ಬಟ್ಟೆ ಒಗೀತಿದ್ದೆ ಕಣಮ್ಮ. ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ.”

ಮದುವೆಯಾಗಿ ಬಂದ ದಿನದಿಂದ ಅತ್ತೆಯದು ಒಂದೇ ರಾಗವಂತೆ. ತನ್ನ ಹೆಸರಿನವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ. ಸೊಪ್ಪಿನವರ ಹತ್ತಿರ ಚೌಕಾಸಿಗೆ ನಿಂತರೂ ಅದು, ನೆಂಟರು ಬಂದರೂ ಅದು. “ನಿನ್ನ ಹೆಸರಿನವರು ಬೀದಿಗೆ ನಾಲ್ಕು, ನನ್ನ ಹೆಸರಿಗೆ ನಾನೊಬ್ಬಳೇ” ಎಂದು ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ ಊಟವಾದ ಮೇಲೆ, ಔಷಧಿಯ ಹಾಗೆ.

“ವಾರ್ಡಿನಲ್ಲಿ ಹೆಸರಿಲ್ಲದ ತೊಟ್ಟಿಲು ಇರಬಾರದು ಅಂತ ನಿಯಮ ಇತ್ತು. ಚೀಟಿ ಮೇಲೆ ಬರೀ ‘ಹೆಣ್ಣು ಮಗು’ ಅಂತ ಹಾಕಿದರೆ ಇವರ ಹಾಲು ಅವರಿಗೆ, ಅವರ ಮಗು ಇವರಿಗೆ. ಅಪ್ಪ ಅಮ್ಮ ಹೆಸರು ಹೇಳೋವರೆಗೆ ಏನೋ ಒಂದು ಬರೆದು, ಪಕ್ಕದಲ್ಲಿ ತೊಟ್ಟಿಲ ನಂಬರು ಹಾಕಬೇಕಿತ್ತು. ಒಂದು ದಿನ ಮನೇಲಿ ಜಗಳ ಆಡಿ ಬಂದಿದ್ದೆ. ಆ ಏನೋ ಒಂದು ಇದಾಯ್ತು.” ಸಿಸ್ಟರ್ ಕಣ್ಣೊರೆಸಿಕೊಂಡರು. “ಆಹಾ, ಏನು ಸುಖ ಅಂತೀಯ! ಎಂಟೆಂಟು ಅತ್ತೆಯರು ಸಾಲಾಗಿ ಮಲಗಿದ್ದಾರೆ. ‘ಸುಮ್ಮನೆ ಬಾಯಿ ಮುಚ್ಚು’ ಅಂತ ಗದರಬಹುದು. ಕುಂಡಿ ಮೇಲೆ ಎರಡು ತಟ್ಟಬಹುದು. ಬಟ್ಟೆ ಬಿಚ್ಚಿ ತಕ್ಕಡಿಗೆ ಹಾಕಿ, ‘ಇವತ್ತು ನಮ್ಮತ್ತೆ ಎರಡೂವರೆ ಕಿಲೋ’ ಅಂತ ಬರೆಯಬಹುದು!”

“ಗಂಡು ಮಕ್ಕಳಿಗೆ?”

“ಗಂಡಾದರೆ ಏನು ಹೆಸರು ಅಂತ ಎಲ್ಲರೂ ಮೊದಲೇ ಯೋಚಿಸಿಕೊಂಡು ಬರ್ತಿದ್ದರಮ್ಮ. ಹೆಣ್ಣಾದರೆ ಮಾತ್ರ ‘ನೋಡೋಣ ಸಿಸ್ಟರ್, ನೋಡೋಣ’. ಆರು ದಿನದೊಳಗೆ ನೋಡದಿದ್ದರೆ ನನ್ನ ಚೀಟಿಯ ಕಾರ್ಬನ್ ಪ್ರತಿ ನಿಮ್ಮ ಕಚೇರಿಗೆ ಹೋಗ್ತಿತ್ತು. ತಿದ್ದಿಸಬೇಕಾದರೆ ಅಪ್ಪ ಅಮ್ಮ ಇಬ್ಬರೂ ಹೋಗಿ ಸಹಿ ಹಾಕಬೇಕು, ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರೊಳಗೆ. ಯಾರು ಹೋಗ್ತಾರೆ? ‘ಚೆನ್ನಾಗಿದೆಯಲ್ಲ, ಇರಲಿ ಬಿಡಿ.’”

“ಮತ್ತೆ ನಿಲ್ಲಿಸಿದ್ದು ಯಾಕೆ?”

ಸಿಸ್ಟರ್ ಮುಖ ಹುಳಿ ತಿಂದಂತಾಯಿತು. “ಒಂದು ದಿನ ಪಕ್ಕದ ಮನೆಯ ಮೊಮ್ಮಗು ನೋಡೋಕೆ ಅಂತ ಅತ್ತೆ ವಾರ್ಡಿಗೇ ಬಂದುಬಿಟ್ಟರು. ಎಲ್ಲ ಚೀಟಿ ಓದಿದರು. ಎದೆ ಬಡಿದುಕೊಳ್ತಾರೆ, ಊಟ ಬಿಡ್ತಾರೆ ಅಂತ ನಾನು ಕಾಯ್ತಾ ನಿಂತಿದ್ದರೆ, ಮುಖ ಊರಗಲ ಮಾಡಿಕೊಂಡು, ‘ನೋಡಿದೆಯಾ? ಜಗತ್ತೆಲ್ಲ ನನ್ನ ಹೆಸರೇ ಇಡ್ತಿದೆ’ ಅಂದರು! ಬೀದಿಯೆಲ್ಲ ತುತ್ತೂರಿ ಊದಿದರು. ಅವರಿಗೆ ಅಷ್ಟು ಖುಷಿ ಕೊಡೋಕೆ ನನಗೇನು ಹುಚ್ಚಾ? ಮಾರನೇ ದಿನದಿಂದ ಬರೆಯೋದು ಬಿಟ್ಟೆ.” ಆಮೇಲೆ ಗಾಬರಿಯಿಂದ, “ಇದನ್ನ ಪುಸ್ತಕದಲ್ಲಿ ಹಾಕಬೇಡಮ್ಮ. ಅವರಿಗೆ ಇವತ್ತಿಗೂ ಗೊತ್ತಿಲ್ಲ.”

ಕಪಾಟಿನ ಮೇಲಿಂದ ಹಳೆಯ ನೋಟುಪುಸ್ತಕಗಳ ಒಂದು ಕಟ್ಟು ಇಳಿಯಿತು. ಹುಟ್ಟಿದ ತಾರೀಖು ಕೇಳಿ ಸಿಸ್ಟರ್ ಪುಟ ತಿರುವಿದರು. “ಇಲ್ಲಿದ್ದೀಯ. ಎರಡು ಕಿಲೋ ಮುನ್ನೂರು. ತೊಟ್ಟಿಲು ಮೂರು.”

ಮೂರಕ್ಕ ಆ ಸಾಲನ್ನು ಎರಡು ಸಲ ಓದಿದಳು. ಹೆಸರು, ಪಕ್ಕದಲ್ಲಿ ಮೂರು. ಟೀಚರು ಎತ್ತರ ಅಳೆಯುವುದಕ್ಕೂ ಆರು ವರ್ಷ ಮೊದಲೇ.

ಕೊನೆಯ ಪುಸ್ತಕ ತೀರ ಹೊಸದಾಗಿತ್ತು. ಅದರಲ್ಲಿ ವಾರಕ್ಕೊಂದು ಸಾಲು, ಎಲ್ಲದಕ್ಕೂ ಅದೇ ಹೆಸರು: ಮೂವತ್ತೊಂಬತ್ತು ಕಿಲೋ, ಮೂವತ್ತೆಂಟೂವರೆ, ಮೂವತ್ತೊಂಬತ್ತು. “ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ,” ಎಂದರು ಸಿಸ್ಟರ್, ಪುಸ್ತಕ ಮುಚ್ಚುತ್ತ. “ಈಗ ನಿಜವಾದದ್ದನ್ನೇ ಹೊರಳಿಸಿ ಮಲಗಿಸ್ತೀನಿ, ಬಟ್ಟೆ ಬದಲಾಯಿಸ್ತೀನಿ. ಕಷ್ಟ ಏನಿಲ್ಲ. ಸಾವಿರದ ಎಂಟುನೂರು ಸಲ ಅಭ್ಯಾಸ ಆಗಿತ್ತಲ್ಲ.”

“ಗುಸುಗುಸು ಸಾಕು!” ಒಳಕೋಣೆ ಮತ್ತೆ ಗುಡುಗಿತು. “ಆ ಹುಡುಗೀನ ಕಳಿಸು. ನೀನು ಹೋಗಿ ಹಾಲು ತಗೊಂಡು ಬಾ, ಚಹಾಕ್ಕೆ ಹಾಲಿಲ್ಲ.”

ಸಿಸ್ಟರ್ ಹಾಲಿಗೆ ಹೋದರು. ಅಜ್ಜಿ ಮಂಚದಲ್ಲಿ ಮೂರು ದಿಂಬಿಗೆ ಒರಗಿ, ಹಳೆಯ ತಕ್ಕಡಿಯ ಮುಳ್ಳಿನಂತೆ ನೆಟ್ಟಗೆ ಕೂತಿದ್ದಳು. ಮುಂಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ಬೆರಳೆತ್ತಿ ಸುಮ್ಮನಿದ್ದು, ಆಮೇಲೆ ಕೇಳಿದಳು.

“ಏನು ಹೇಳಿದಳು?”

“ಏನಿಲ್ಲ ಅಜ್ಜಿ. ಹಳೇ ಲೆಕ್ಕ.”

“ಸುಳ್ಳು ಹೇಳೋಕೆ ಬರಲ್ಲ ನಿನಗೆ. ಸರ್ಕಾರಿ ಕೆಲಸದಲ್ಲಿ ಹೇಗೆ ಉಳಿದೆ?” ಅಜ್ಜಿ ಹತ್ತಿರ ಕರೆದು ಪಿಸುಗುಟ್ಟಿದಳು. “ಆ ಚೀಟಿ ಬರೆದವಳು ಅವಳೇ ಅಂತ ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ ಪಾಪ. ದಿನಸಿ ಚೀಟಿ ಬರೆಯೋ ಕೈ ಅದೇ ಅಲ್ವಾ? ವಾರ್ಡಿನಲ್ಲಿ ನೋಡಿದ ಕೂಡಲೇ ಹೊಟ್ಟೆಗೆ ಬೆಂಕಿ ಬಿತ್ತು. ಕಿರುಚಿದ್ದರೆ ಅವಳಿಗೆ ಹಬ್ಬ, ಇನ್ನೂ ಇಪ್ಪತ್ತು ವರ್ಷ ಬರೀತಿದ್ದಳು. ಅದಕ್ಕೆ ನಕ್ಕೆ. ಊರೆಲ್ಲ ಹೇಳಿಕೊಂಡು ಕುಣಿದೆ. ರಾತ್ರಿ ದಿಂಬು ಕಚ್ಚಿಕೊಂಡು ಮಲಗಿದೆ. ಮಾರನೇ ದಿನವೇ ನಿಲ್ಲಿಸಿದಳು, ನೋಡು!” ಹಲ್ಲಿಲ್ಲದ ಬಾಯಿ ಅಗಲವಾಯಿತು. “ಅವಳಿಗೆ ಹೇಳಬೇಡ. ತಾನು ಗೆದ್ದೆ ಅಂದುಕೊಂಡು ಚೆನ್ನಾಗಿ ನೋಡಿಕೊಳ್ತಿದ್ದಾಳೆ.”

“ಅಜ್ಜಿ, ಆ ಹೆಸರಿಗೆ ಅರ್ಥ ಏನು?”

ಅಜ್ಜಿ ದಿಂಬಿನ ಚೀಲದೊಳಗೆ ಕೈ ಹಾಕಿ ಬೆರಳುದ್ದದ ಬಟ್ಟೆಯ ತುಂಡೊಂದನ್ನು ತೆಗೆದಳು. ಅವಳಪ್ಪ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ಬೆರೆಸುತ್ತಿದ್ದವನು. ಮಗಳು ಹುಟ್ಟಿದ ವಾರ, ನಿದ್ದೆಗಣ್ಣಿನಲ್ಲಿ, ಯಾವುದಕ್ಕೆ ಯಾವುದನ್ನೋ ಸುರಿದ. ಅಂಥ ಬಣ್ಣವನ್ನು ಯಾರೂ ನೋಡಿರಲಿಲ್ಲ. ಬಣ್ಣದ ಪುಸ್ತಕದಲ್ಲಿ ಬರೆಯಲು ಒಂದು ಹೆಸರು ಬೇಕಿತ್ತು, ಬಾಯಿಗೆ ಬಂದದ್ದನ್ನು ಬರೆದ. ಅದೇ ಬಣ್ಣ ಮತ್ತೆ ತರಲು ವರ್ಷವಿಡೀ ಹೆಣಗಿದ. ಬರಲಿಲ್ಲ. ಹೆಸರು ವ್ಯರ್ಥವಾಗಬಾರದೆಂದು ಮಗಳಿಗಿಟ್ಟ.

“ಎರಡನೇ ಸಲ ಬರಲಾರದ್ದು ಅಂತ ಅರ್ಥ ಇಟ್ಟುಕೋ,” ಎಂದಳು ಅಜ್ಜಿ.

ಎರಡನೇ ಸಲ ಬರಲಾರದ್ದು ಸಾವಿರದ ಒಂಬೈನೂರ ನಾಲ್ಕು ಸಲ ಬಂದಿತ್ತು. ಮೂರಕ್ಕ ತುಂಡನ್ನು ಬೆಳಕಿಗೆ ಹಿಡಿದಳು. ಎಂತಹ ಅಪೂರ್ವ ಬಣ್ಣವಿತ್ತೋ, ಈಗ ಅದು ಮೇಜು ಒರೆಸುವ ಬಟ್ಟೆಯಂತಿತ್ತು.

ಮನಸ್ಸು ತಡೆಯದೆ ಮೂರಕ್ಕ ಅರ್ಜಿಯ ವಿಷಯ ಹೇಳಿದಳು. ಅಜ್ಜಿಗೆ ಪ್ರಾಯ ಬಂದಂತಾಯಿತು. “ಬದಲಾಯಿಸು! ನಾಳೆಯೇ ಬದಲಾಯಿಸು. ಒಂದು ಕಮ್ಮಿ ಆಗ್ತದೆ. ಉಳಿದವರಿಗೂ ಒಂದೊಂದು ಫಾರಂ ಹಂಚು.”

ಹಾಲು ತಂದ ಸಿಸ್ಟರ್ ಗೇಟಿನವರೆಗೆ ಕಳಿಸಲು ಬಂದಾಗ ಅವರಿಗೂ ಹೇಳಿದಳು. ಅವರು ಕೈಹಿಡಿದುಕೊಂಡರು. “ಬೇಡಮ್ಮ, ನಿನ್ನ ದಮ್ಮಯ್ಯ. ಒಂದು ಕಮ್ಮಿಯಾದರೂ ಆ ಮುದುಕಿ ಗೆದ್ದ ಹಾಗೆ.”

ಮನೆಗೆ ಬಂದಾಗ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಮೂರಕ್ಕ ಎದುರು ಕೂತು ಒಂದು ಟವೆಲು ಎತ್ತಿಕೊಂಡು ಕೇಳಿದಳು: “ತೊಟ್ಟಿಲಿಗೆ ಕಟ್ಟಿದ ಚೀಟಿ ನೆನಪಿದೆಯಾ ಅಮ್ಮ?”

“ಯಾವ ಚೀಟಿ? ನನಗೆ ಯಾವ ಚೀಟಿಯೂ ಗೊತ್ತಿಲ್ಲ. ನಾನೇನು ನೋಡಿ ಬರೆದೆನಾ?”

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡದ್ದಾಯಿತು. ಅಮ್ಮನಿಗೂ ಅದು ತಿಳಿಯಿತು. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

“ಗಂಡೇ ಅಂತ ಎಲ್ಲರೂ ಹೇಳಿದ್ದರು ಕಣೇ. ಗಂಡಿನ ಹೆಸರು ನಾಲ್ಕು ಇಟ್ಟುಕೊಂಡು ಹೋಗಿದ್ದೆವು. ನೀನು ಬಂದೆ. ನಿಮ್ಮಪ್ಪ ‘ನೋಡೋಣ’ ಅಂದರು. ಎಚ್ಚರವಾಗಿ ನೋಡ್ತೀನಿ, ತೊಟ್ಟಿಲ ಮೇಲೆ ಎಷ್ಟು ಚೆಂದದ ಅಕ್ಷರದಲ್ಲಿ ಹೆಸರು! ಯಾರೋ ಒಬ್ಬರು ಹೆಣ್ಣೇ ಬರಲಿ ಅಂತ ಹೆಸರು ಇಟ್ಟುಕೊಂಡು ಕಾಯ್ತಿದ್ದರಲ್ಲ ಅನ್ನಿಸ್ತು. ತಿದ್ದಿಸೋಕೆ ಮನಸ್ಸಾಗಲಿಲ್ಲ.”

“ಮತ್ತೆ ಆ ನಕ್ಷತ್ರ?”

“ಅದು ನಂದೇ. ಬರೀ ಹೆಸರು ಹೇಗೆ ಕೊಡೋದು, ಒಂದು ಅರ್ಥನಾದರೂ ಇರಲಿ ಅಂತ ಸೇರಿಸಿದೆ.” ಅಮ್ಮ ಟವೆಲು ಕಿತ್ತುಕೊಂಡಳು. “ಹಾಗಲ್ಲ ಮಡಿಸೋದು, ಕೊಡು ಇಲ್ಲಿ.”

ಮೂರಕ್ಕ ಆ ರಾತ್ರಿ ತನ್ನ ಒಪ್ಪಂದವನ್ನು ಎಲ್ಲ ಕಡೆಯಿಂದ ಪರೀಕ್ಷಿಸಿದಳು. ಅಮ್ಮನ ಕಥೆ ಸುಳ್ಳು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಸುಳ್ಳಿನಲ್ಲಿ ತನಗೆಂದೇ ಹುಡುಕಿದ್ದು ಒಂದಿತ್ತು: ಆ ನಕ್ಷತ್ರ. ಒಪ್ಪಂದ ಬರೆಯುವಾಗ ಇಂಥ ಮೂರನೆಯ ಸಾಧ್ಯತೆಗೆ ಕಾಲಂ ಇಟ್ಟಿರಲಿಲ್ಲ. ಅಂಕಿಅಂಶ ವಿಭಾಗದವಳಿಗೆ ಇದು ತಲೆತಗ್ಗಿಸುವ ತಪ್ಪು.

ಶುಕ್ರವಾರ ಬೆಳಿಗ್ಗೆ ಅವಳು ಮುಖ್ಯಸ್ಥರ ಮೇಜಿನ ಮೇಲೆ ಒಂದು ಹಾಳೆ ಇಟ್ಟು ಬಂದಳು. ಇನ್ನೊಂದನ್ನು, ಎರಡು ವರ್ಷದ್ದನ್ನು, ಕೈಯಲ್ಲೇ ಹಿಡಿದು ತನ್ನ ಜಾಗದಲ್ಲಿ ಕೂತಳು. ಮುಖ್ಯಸ್ಥರು ಒಳಗೆ ಗಟ್ಟಿಯಾಗಿ ಓದುತ್ತಿದ್ದದ್ದು ಕೇಳಿಸುತ್ತಿತ್ತು.

“ಮೂಲ: ಒಂದೇ ಸಲ ಬಂದ ಒಂದು ಬಣ್ಣ. ಅರ್ಥ: ಎರಡನೇ ಸಲ ಬರಲಾರದ್ದು; ಕೆಲವು ಮನೆಗಳಲ್ಲಿ, ಮುಸ್ಸಂಜೆಯ ಮೊದಲ ನಕ್ಷತ್ರ. ಏರಿಕೆಗೆ ಕಾರಣ: ಒಂದು ಕುಟುಂಬದ ಆಂತರಿಕ ವಿಷಯ. ಇಳಿಕೆಗೆ ಕಾರಣ: ಅದೇ. ಹೆಚ್ಚಿನ ಅಧ್ಯಯನದ ಅಗತ್ಯ ಕಂಡುಬರುವುದಿಲ್ಲ…” ದನಿ ಏರಿತು. “ಏನಿದು? ಪೌಡರ್ ಎಲ್ಲಿ?”

ಸಿಟ್ಟಿನ ಭರದಲ್ಲಿ ಅವರು ಎಂದೂ ಮಾಡದ್ದನ್ನು ಮಾಡಿದರು. ಆ ಹೆಸರು ಹಿಡಿದು ಕೂಗಿದರು. ಧೂಳು ಕಡತ ಬಿಟ್ಟು ಎದ್ದಳು, ಟಪಟಪ ಕೈ ನಿಲ್ಲಿಸಿ ಎದ್ದಳು, ಗಾಳಿ ಕಿಟಕಿಯಿಂದ ತಿರುಗಿ ಎದ್ದಳು. ಮೂರು ಕುರ್ಚಿಗಳು ಕಿರುಗುಟ್ಟಿದವು. ಮೂರಕ್ಕ ಕೂತಲ್ಲೇ ಕೂತಿದ್ದಳು.

ಮುಖ್ಯಸ್ಥರು ಬಾಗಿಲಲ್ಲಿ ತಲೆ ಹಾಕಿ, ಎದ್ದು ನಿಂತ ಮೂವರನ್ನೂ ನೋಡಿ ಹಣೆ ಚಚ್ಚಿಕೊಂಡರು. “ನೀವಲ್ಲ, ನೀವಲ್ಲ, ಕೂತುಕೊಳ್ಳಿ. ಮೂರಕ್ಕಾ!”

ಒಂದೇ ಒಂದು ಕುರ್ಚಿ ಕಿರುಗುಟ್ಟಿತು.

“ಬಂದೆ ಸಾರ್,” ಎಂದಳು ಮೂರಕ್ಕ. ಕೈಯಲ್ಲಿದ್ದ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಆ ಕುರ್ಚಿಯ ಕುಂಟುಗಾಲಿನ ಕೆಳಗೆ ತುರುಕಿ, ಒಮ್ಮೆ ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿ ಕೂತಿತ್ತು.